ಸಣ್ಣಗೆ ಹಚ್ಚಿದ ರೇಡಿಯೊ

ಹಳೇಹುಬ್ಬಳ್ಳಿಯ ನಮ್ಮ ಮನೆಯಲ್ಲಿ ರೇಡಿಯೊ ಇತ್ತು, ಆದರೆ ಅದಕ್ಕೆ ದನಿ ಇರಲಿಲ್ಲ. ಅಬ್ಬಾ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಫಜರ್ ನಮಾಜು ಮುಗಿಸಿ ಬಂದು, ಚಹಾದ ಬಟ್ಟಲು ಹಿಡಿದು, ರೇಡಿಯೊವನ್ನು ಕಿವಿಗೆ ಆನಿಸಿಕೊಂಡು ಧಾರವಾಡ ಆಕಾಶವಾಣಿ ಕೇಳುತ್ತಿದ್ದರು. ದಾದಿಗೆ ಕೇಳಿಸಬಾರದು. ವಾದ್ಯದ ಸಪ್ಪಳವಿರುವ ಮನೆಗೆ ದೇವದೂತರು ಕಾಲಿಡುವುದಿಲ್ಲ ಎಂದು ದಾದಿ ನಂಬಿದ್ದರು. ನಾವು ಅಣ್ಣತಮ್ಮಂದಿರು ಕೌದಿಯೊಳಗಿಂದಲೇ ಅಷ್ಟಿಷ್ಟು ಕದ್ದು ಕೇಳುತ್ತಿದ್ದೆವು.

1992ರ ಸೆಪ್ಟೆಂಬರಿನಲ್ಲಿ ಮಲ್ಲಿಕಾರ್ಜುನ ಮನಸೂರರು ತೀರಿಕೊಂಡಾಗ ಅಬ್ಬಾ ಧಾರವಾಡಕ್ಕೆ ಹೋಗಿ ಬಂದರು. ಯಾರೋ ದೂರದ ಸಂಬಂಧಿಕರ ಮಯ್ಯತ್ ಇತ್ತು ಎಂದಷ್ಟೇ ಮನೆಯಲ್ಲಿ ಹೇಳಿದರು. ನಿಜ ನಮಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಅವರ ಬಾಯಿಂದಲೇ.

ಇದೆಲ್ಲ ನೆನಪಾದದ್ದು ತಂಗಿಯ ಮಗಳಿಂದ. ಹದಿಮೂರರ ಹುಡುಗಿ. ಹಾಡು ಕಲಿಯಬೇಕೆಂದು ಹಟ ಹಿಡಿದಿದ್ದಳು. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಮೊಹಲ್ಲಾದವರು ಏನಂದಾರು ಎಂದು ಅವಳಪ್ಪ ತಳ್ಳಿಹಾಕಿದ. ಅವಳು ನಮ್ಮ ಕಡೆ ನೋಡಿದಳು. ಸೌಹಾರ್ದದ ಸಭೆಗಳಲ್ಲಿ ಉಸ್ತಾದ್ ಅಬ್ದುಲ್ ಕರೀಂಖಾನರ ಹೆಸರೆತ್ತದೆ ಮೈಕು ಬಿಟ್ಟವರಲ್ಲ ನಾವು. ಅಂಥ ನಾವು ಕೊಟ್ಟ ಉತ್ತರ: ‘ಪರೀಕ್ಷೆ ಮುಗೀಲಿ, ನೋಡೋಣ.’

ಆ ಮಾತು ನಮಗೇ ಚುಚ್ಚತೊಡಗಿತು. ಮಳೆಗಾಲದ ಒಂದು ಭಾನುವಾರ, ಧಾರವಾಡದಲ್ಲಿ ಸಂಜೆ ಕಛೇರಿ ಇದೆಯೆಂದು ತಿಳಿದು, ಅವಳನ್ನು ಕರೆದುಕೊಂಡು ಹೊರಟೆವು.

ಕಛೇರಿಗೆ ಇನ್ನೂ ಹೊತ್ತಿತ್ತು. ಜಿಟಿಜಿಟಿ ಮಳೆಯಲ್ಲೇ ಊರು ಸುತ್ತಿದೆವು. ಮನಸೂರರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ವಚನಗಳನ್ನು ಹಾಡುತ್ತಿದ್ದ ಈ ಶರಣಜೀವಿ ಜೈಪುರ ಘರಾಣೆಯ ವಿದ್ಯೆ ಪಡೆದದ್ದು ಅಲ್ಲಾದಿಯಾಖಾನರ ಮಗ ಮಂಜೀಖಾನರಿಂದ. ಅವರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜಿಖಾನರಿಂದ. ಹುಡುಗಿ ಕೇಳಿದಳು: ಉತ್ತರದ ಈ ಹಾಡು ನಮ್ಮೂರಿಗೆ ಹೇಗೆ ಬಂತು? ರೈಲಿನಿಂದ ಎಂದೆವು. ತಮಾಷೆಯಲ್ಲ. ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಎಲ್ಲ ಒಂದೇ ಹಳಿಯ ಮೇಲಿನ ಊರುಗಳು. ಮರಾಠಿ ನಾಟಕ ಕಂಪನಿಗಳು ಈ ದಾರಿಯಲ್ಲೇ ಬಂದವು. ಮೈಸೂರು ದರ್ಬಾರಿಗೆ ಹೋಗುತ್ತಿದ್ದ ಉಸ್ತಾದರು ಈ ನಡುದಾರಿಯಲ್ಲಿ ಇಳಿದುಕೊಂಡರು.

ಹಾಗೆ ಬಂದವರೇ ಕೈರಾನಾದ ಅಬ್ದುಲ್ ಕರೀಂಖಾನರು. ಅವರು ಕುಂದಗೋಳದ ಬ್ರಾಹ್ಮಣ ಹುಡುಗ ರಾಮಭಾವುವಿಗೆ ಕಲಿಸಿದರು. ಅವನೇ ಸವಾಯಿ ಗಂಧರ್ವನಾದ. ಅವರಿಂದ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್. ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ, ಇದೇ ಧಾರವಾಡದಲ್ಲಿ. ಹಾಡುವವರ ಮನೆಯ ಹುಡುಗಿಯೆಂದು ಬೀದಿಯಲ್ಲಿ ಜನ ಹಂಗಿಸುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಮೊಹಲ್ಲಾ ಎಂಬುದು ನಮ್ಮವರಿಗಷ್ಟೇ ಇರುವುದಲ್ಲವಲ್ಲ! ಬೀನಕಾರ ಬಂದೇ ಅಲಿಖಾನರ ಪರಂಪರೆಯ ಸಿತಾರ್ ಹಿಡಿದು ಬಂದ ರಹಿಮತ್‌ಖಾನರು ಧಾರವಾಡದಲ್ಲೇ ನೆಲೆಸಿ ಸಂಗೀತ ವಿದ್ಯಾಲಯ ತೆರೆದರು. ಅವರ ಮೊಮ್ಮಗ ಬಾಲೇಖಾನರು 2007ರಲ್ಲಿ ತೀರಿಕೊಂಡರು. ಮನೆಯಲ್ಲಿ ಅನೇಕರು ಸಿತಾರ್ ಹಿಡಿದ ಮನೆತನವದು.

ಅಂದರೆ ಉಸ್ತಾದರ ಮನೆಯಿಂದ ಹೊರಟ ವಿದ್ಯೆ ಮಠದ ಪಡಸಾಲೆಗೂ ವಾಡೆಗೂ ಹೋಗಿ ಬೆಳೆಯಿತು. ನಮ್ಮ ಓಣಿಯ ಮನೆಗಳಲ್ಲಿ ಮಾತ್ರ ರೇಡಿಯೊ ಸಣ್ಣಗಾಗುತ್ತ ಹೋಯಿತು. ಧರ್ಮವೊಂದೇ ಕಾರಣ ಎನ್ನಲಾರೆವು. ಸಂಗೀತದ ವಿಷಯದಲ್ಲಿ ಉಲೇಮಾಗಳಲ್ಲೇ ಒಮ್ಮತವಿಲ್ಲ. ಚಿಶ್ತಿ ಸೂಫಿಗಳಂತೂ ಸಮಾ ಕೂಟಗಳಿಗೆ ಹೆಸರಾದವರು. ಹಾಡಿನಿಂದ ಹೊಟ್ಟೆ ತುಂಬದು ಎಂಬ ಭಯವಿದೆ. ಯಾರಾದರೂ ಒಂದು ಮಾತು ಅಂದಾರೆಂಬ ಭಯ ಅದಕ್ಕಿಂತ ದೊಡ್ಡದು. ನಮ್ಮ ‘ನೋಡೋಣ’ ಹುಟ್ಟಿದ್ದು ಅಲ್ಲಿಂದಲೇ.

ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರ ಮುಕ್ಕಾಲು ತುಂಬಿತ್ತು. ಟಿಕೆಟ್ಟಿಲ್ಲ. ಒದ್ದೆ ಕೊಡೆಗಳನ್ನು ಮಡಿಚಿ ಕಾಲ ಬಳಿ ಇಟ್ಟುಕೊಂಡ ನಿವೃತ್ತ ಮಾಸ್ತರರು, ಹಿಂದಿನ ಸಾಲುಗಳಲ್ಲಿ ಹಾಡು ಕಲಿಯುವ ಮಕ್ಕಳು. ತಲೆಗೆ ದುಪಟ್ಟಾ ಹೊದ್ದವಳು ನಮ್ಮ ಹುಡುಗಿಯೊಬ್ಬಳೇ ಎಂಬುದನ್ನು ನಾವು ಗಮನಿಸಿದೆವು, ಅವಳು ಗಮನಿಸಲಿಲ್ಲ. ಗಾಯಕರು ಮಿಯಾ ಮಲ್ಹಾರ ಎತ್ತಿಕೊಂಡರು. ತಾನಸೇನನ ಹೆಸರಿನ ರಾಗ, ಮೇಲೆ ಮಳೆ. ವಿಲಂಬಿತದಲ್ಲಿ ಕೋಮಲ ಗಾಂಧಾರ ತೂಗುವಾಗ ಪಕ್ಕದ ಅಜ್ಜ ಕಣ್ಣು ಮುಚ್ಚಿ ‘ಆಹಾ’ ಎಂದರು. ಹುಡುಗಿ ತೊಡೆಯ ಮೇಲೆ ಬೆರಳಾಡಿಸುತ್ತ ಮಾತ್ರೆ ಎಣಿಸುತ್ತಿದ್ದಳು. ಯಾರು ಕಲಿಸಿದರೋ! ಅಜ್ಜ ಅವಳತ್ತ ಬಾಗಿ, ‘ಈಗ ಸಮ್ ಬರ್ತದ ನೋಡವಾ’ ಎಂದರು. ಬಂತು. ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು.

ವಾಪಸಾಗುವಾಗ ಚಿಗರಿ ಬಸ್ಸಿನಲ್ಲಿ ಅವಳಿಗೆ ಕರೀಂಖಾನರ ಕೊನೆಯ ದಿನದ ಕತೆ ಹೇಳಿದೆವು. 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೊರಟಿದ್ದ ಅವರಿಗೆ ರೈಲಿನಲ್ಲಿ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ನಮಾಜು ಮಾಡಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ದೇವರನ್ನು ನೆನೆಯುತ್ತ ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ಅವರ ಮಜಾರು ಮಿರಜದ ಮೀರಾಸಾಹೇಬರ ದರ್ಗಾದಲ್ಲಿದೆ. ಅಲ್ಲಿ ವರ್ಷಕ್ಕೊಮ್ಮೆ ಗಾಯಕರು ಬಂದು ಹಾಡುತ್ತಾರೆ.

ಅವಳು ಕಿಟಕಿಯ ಹನಿ ನೋಡುತ್ತ ಕೂತಿದ್ದಳು. ನವಲೂರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು: ‘ಮಾಮು, ಘರ್ ಮೇ ಕ್ಯಾ ಬೋಲ್ನಾ?’ ಮನೆಯಲ್ಲಿ ಏನು ಹೇಳಬೇಕು?

ಅಬ್ಬಾ ಹೇಳಿದ್ದ ಮಯ್ಯತ್ತು ನೆನಪಾಯಿತು. ಉಣಕಲ್ ಕೆರೆ ಬರುವವರೆಗೂ ನಾವು ಬಾಯಿ ಬಿಡಲಿಲ್ಲ.

ಬಾಗಿಲು ತೆರೆದವನು ಅವಳಪ್ಪನೇ. ಇಷ್ಟು ಹೊತ್ತು ಎಲ್ಲಿದ್ದಿರಿ ಎಂದ. ಹಾಡು ಕೇಳಲು ಹೋಗಿದ್ದೆವು, ಇನ್ನು ಭಾನುವಾರಕ್ಕೊಮ್ಮೆ ಇವಳನ್ನು ಕಲಿಯಲು ಕರೆದೊಯ್ಯುತ್ತೇವೆ ಎಂದೆವು. ಅವನು ಏನೂ ಅನ್ನಲಿಲ್ಲ. ಒದ್ದೆ ಚಪ್ಪಲಿ ಹೊರಗೇ ಬಿಡಿ ಎಂದು ಒಳಗೆ ನಡೆದ.