ಸಾಲಿನ ಲೆಕ್ಕ

ಫೆಬ್ರವರಿ 3, ಸೋಮವಾರ
ಆಪರೇಷನ್ಸ್ ರಿಸರ್ಚ್ ಪೇಪರ್ ಈ ಸಲ ನನ್ನ ತಲೆಗೆ ಬಂತು. ಒಂದೇ ಕೌಂಟರಿನ ಸಾಲಲ್ಲಿ ಸರಾಸರಿ ಎಷ್ಟು ಜನ ಅಂತ ಹೇಳುವ ಎಂ-ಎಂ-ಒನ್ ಸೂತ್ರ ಬೋರ್ಡಿನ ಮೇಲೆ ಬರೆದೆ. ಕೊನೇ ಬೆಂಚಿನ ಹುಡುಗಿ, "ಮ್ಯಾಮ್, ಇದು ಎಲ್ಲಿಂದ ಬಂತು?" ನಾಳೆ ಹೇಳ್ತೀನಿ ಅಂದೆ. ನನಗೂ ಗೊತ್ತಿಲ್ಲ. ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿ. ಹೀಗೆ ಕೇಳಿದವಳು ಇವಳೇ ಮೊದಲು.

ಫೆಬ್ರವರಿ 4
ಲೈಬ್ರರಿ. ಗೈಡುಗಳಲ್ಲಿ ಮೇಲೆ ಸೂತ್ರ, ಕೆಳಗೆ ಲೆಕ್ಕ, ಅಷ್ಟೇ. ಸಾಲುಗಳ ಗಣಿತದ ಮೇಲೆ ಕ್ಲೈನ್‌ರಾಕ್ ಬರೆದ ಪುಸ್ತಕ, 1975ರ ಮೊದಲ ಸಂಪುಟ ಸಿಕ್ಕಿತು. ಧೂಳು ಹೊಡೆದು ತೆರೆದೆ. ಎರಡನೇ ಅಧ್ಯಾಯ ದಾಟಲಾಗಲಿಲ್ಲ. ವಾಪಸ್ ಕೊಟ್ಟೆ.

ಫೆಬ್ರವರಿ 6, ರಾತ್ರಿ 11
ಸ್ಟಾಟಿಸ್ಟಿಕ್ಸ್ ಮೇಷ್ಟ್ರು ಗ್ರಾಸ್–ಹ್ಯಾರಿಸ್ ಪುಸ್ತಕ ಕೊಟ್ಟರು. ಇದು ಪರವಾಗಿಲ್ಲ. ಖಾಲಿ ಸಾಲು ಒಬ್ಬರ ಸಾಲಾಗುವುದು ಎಷ್ಟು ಸಲವೋ, ಒಬ್ಬರ ಸಾಲು ಖಾಲಿಯಾಗುವುದೂ ಅಷ್ಟೇ ಸಲ. ಲ್ಯಾಂಬ್ಡಾ ಜನ ಬರುವ ವೇಗ, ಮ್ಯೂ ಕೆಲಸ ಮುಗಿಯುವ ವೇಗ; ಪಿ-ಸೊನ್ನೆ ಸಾಲು ಖಾಲಿ ಇರುವ ಸಂಭವ, ಪಿ-ಒಂದು ಒಬ್ಬರಿರುವ ಸಂಭವ. ಲ್ಯಾಂಬ್ಡಾ ಪಿ-ಸೊನ್ನೆ ಈ ಕಡೆ, ಮ್ಯೂ ಪಿ-ಒಂದು ಆ ಕಡೆ. ಅಲ್ಲಿಂದ ಮುಂದೆ ಬರೀ ಗುಣೋತ್ತರ ಶ್ರೇಢಿ, ನಮ್ಮ ಕಾಲದ ಹತ್ತನೇ ಕ್ಲಾಸಿನದು!
ಸರಾಸರಿ ತೆಗೆಯೋವಾಗ ಸಿಕ್ಕಿಬಿದ್ದೆ. ಶ್ರೇಢಿಯನ್ನೇ ಡಿಫರೆನ್ಶಿಯೇಟ್ ಮಾಡಬೇಕು. ಪುಸ್ತಕದಲ್ಲಿ ಒಂದು ಸಾಲು, ನನಗೆ ಮುಕ್ಕಾಲು ಗಂಟೆ, ಕರೆಂಟ್ ಬಿಲ್ಲಿನ ಹಿಂಬದಿ ಪೂರ್ತಿ. ಲ್ಯಾಂಬ್ಡಾವನ್ನು ಮ್ಯೂದಿಂದ ಭಾಗಿಸಿದರೆ ರೋ. ಒಂದರಲ್ಲಿ ರೋ ಕಳೆದು, ಅದರಿಂದ ರೋ ಭಾಗಿಸು. ಬಂತು.

ಫೆಬ್ರವರಿ 8, ಶನಿವಾರ
ನ್ಯಾಯಬೆಲೆ ಅಂಗಡಿ. ಸಾಲಲ್ಲಿ ಜನ ಆರು, ಚೀಲ ಹನ್ನೊಂದು, ಒಂದು ಜೊತೆ ಹವಾಯಿ ಚಪ್ಪಲಿ. ಹೆಬ್ಬೆಟ್ಟು ಒತ್ತಿ ಒತ್ತಿ ಅಜ್ಜಿ ಸೋತಳು. "ಸರ್ವರ್ ಇಲ್ಲ, ಮೇಡಂ." ಪುಸ್ತಕದಲ್ಲಿ ಸರ್ವರ್ ಯಾವಾಗಲೂ ಇರುತ್ತಾನೆ.
ಬಸ್ಸಿಳಿದವರು ಹಿಂಡಾಗಿ ಬಂದರು. ಸೂತ್ರಕ್ಕೆ ಬೇಕಾದ ಹಾಗೆ ಒಬ್ಬೊಬ್ಬರಾಗಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರಲಿಲ್ಲ; ಪಾಯ್ಸಾನ್ ಅಲ್ಲವೇ ಅಲ್ಲ. 1909ರಲ್ಲಿ ಗಣಿತಜ್ಞ ಎರ್ಲಾಂಗ್ ಲೆಕ್ಕ ಹಾಕಿದ್ದು ಕೋಪನ್‌ಹೇಗನ್ನಿನ ಟೆಲಿಫೋನ್ ಕರೆಗಳಿಗೆ. ಕರೆಗಳಿಗೆ ಚಪ್ಪಲಿ ಇಲ್ಲ. ಚಪ್ಪಲಿಯನ್ನು ಎಣಿಸಬೇಕೋ ಬೇಡವೋ?

ಫೆಬ್ರವರಿ 10
ಕ್ಲಾಸಲ್ಲಿ ಪೂರ್ತಿ ಮಾಡಿ ತೋರಿಸಿದೆ. ರೋ 0.8 ಇದ್ದರೆ ಸರಾಸರಿ 4 ಜನ. 0.9ಕ್ಕೆ 9. 0.95ಕ್ಕೆ 19. ಬೋರ್ಡಿನ ಮುಂದೆ ನಿಂತು ನಾನೇ ಬೆರಗಾದೆ. "ಎಕ್ಸಾಮಿಗೆ ಬರುತ್ತಾ ಮ್ಯಾಮ್?" ಸೂತ್ರ ಬರುತ್ತೆ ಅಂದೆ. ಪೆನ್ನು ಕೆಳಗಿಟ್ಟರು. ಆ ಹುಡುಗಿ ಬಂದಿರಲಿಲ್ಲ.
ಸಂಬಳ ಈ ತಿಂಗಳೂ ಇಲ್ಲ. ಫೈಲು ಸಾಲಲ್ಲಿದೆಯಂತೆ.

ಫೆಬ್ರವರಿ 12
ಆ ಹುಡುಗಿ ಮೆಟ್ಟಿಲ ಹತ್ತಿರ ಸಿಕ್ಕಳು. ಬಿಲ್ಲಿನ ಹಿಂಬದಿ ತೋರಿಸಿದೆ. ನಿಂತಲ್ಲೇ ಓದಿ, "ರೋ ಒಂದೇ ಆದ್ರೆ?" ಸಾಲು ಮಿತಿಯಿಲ್ಲದೆ ಬೆಳೆಯುತ್ತೆ ಅಂದೆ. "ಬರೋರಷ್ಟೇ ಜನಕ್ಕೆ ಕೆಲಸ ಆಗುತ್ತಲ್ಲ ಮ್ಯಾಮ್, ಮತ್ಯಾಕೆ ಬೆಳೆಯುತ್ತೆ?"
ಬೆಲ್ ಹೊಡೀತು, ಪುಣ್ಯ.
ಸಂಜೆ ಲೈಬ್ರರಿಗೆ ಹೋಗಿ ಕ್ಲೈನ್‌ರಾಕ್ ಮತ್ತೆ ತಂದೆ. ಹಾಸಿಗೆ ಪಕ್ಕ ಇದೆ. ಇನ್ನೂ ತೆರೆದಿಲ್ಲ.