ಆಗುಂಬೆಯ ಮನೆಗಳು ಉಸಿರಾಡುವ ಬಗೆ

ಆಗುಂಬೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅಲ್ಲಿನ ಸೂರ್ಯಾಸ್ತ. ಚಳಿಗಾಲದಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಲ್ಲುವುದೂ ಆ ದೃಶ್ಯಕ್ಕಾಗಿಯೇ. ಆದರೆ ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಈ ಊರಿನಲ್ಲಿ ಸೂರ್ಯ ಮುಳುಗುವುದಿರಲಿ, ಹುಟ್ಟಿದ್ದೇ ಗೊತ್ತಾಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಆಗುಂಬೆಗೆ ಅರಬ್ಬಿ ಸಮುದ್ರದ ಮೋಡಗಳು ನೇರವಾಗಿ ಬಂದು ತಾಗುತ್ತವೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿಗೆ ಏಳು ವರ್ಷಗಳಲ್ಲಿ ಬೀಳುವಷ್ಟು ಮಳೆ ಇಲ್ಲಿ ಒಂದೇ ವರ್ಷದಲ್ಲಿ ಸುರಿಯುತ್ತದೆ. 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿ.ಮೀ. ಮಳೆಯಾದ ದಾಖಲೆ ಇದೆ.

ಇಂಥ ಊರಿನಲ್ಲಿ ಮಳೆಗಿಂತ ಹೆಚ್ಚು ಕಾಡುವುದು ಮಳೆಯ ಬೆನ್ನಿಗೇ ಬರುವ ಥಂಡಿ ಮತ್ತು ಬೂಷ್ಟು. ಚರ್ಮದ ಬೆಲ್ಟು, ಚಪ್ಪಲಿ, ಪಠ್ಯಪುಸ್ತಕದ ರಟ್ಟು, ಮಡಿಸಿಟ್ಟ ರೇಷ್ಮೆ ಸೀರೆ ಯಾವುದನ್ನೂ ಅದು ಬಿಡುವುದಿಲ್ಲ. ಒಂದು ವಾರ ಕೈ ಆಡಿಸದ ಕಪಾಟನ್ನು ತೆರೆದರೆ ಮುಗ್ಗಲು ವಾಸನೆ ಮೂಗಿಗೆ ರಾಚುತ್ತದೆ.

ತೀರ್ಥಹಳ್ಳಿಯಿಂದ ಮೇಗರವಳ್ಳಿ ದಾಟಿ ಆಗುಂಬೆಗೆ ಹೋಗುವ ರಸ್ತೆಯ ಇಕ್ಕೆಲದಲ್ಲಿ, ಮಳೆಗಾಲದಲ್ಲಿ, ಎರಡು ಬಗೆಯ ಮನೆಗಳು ಕಾಣಸಿಗುತ್ತವೆ. ಒಂದು, ಹಂಚಿನ ಹಳೆಯ ಮನೆ. ಇರಚಲು ಹೊಡೆಯುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದ್ದಾರೆ. ಹೊಗೆಗೂಡು ಕಾಣುವುದಿಲ್ಲ, ಹಂಚಿನ ಸಂದುಸಂದಿನಿಂದ ಹೊಗೆ ಹೊರಬಂದು, ಇಡೀ ಮಾಡೇ ಉಸಿರು ಬಿಡುತ್ತಿರುವಂತೆ ತೋರುತ್ತದೆ. ಇನ್ನೊಂದು, ಈಚಿನ ತಾರಸಿ ಮನೆ. ಗಾಜಿನ ಕಿಟಕಿಗಳು ಭದ್ರವಾಗಿ ಮುಚ್ಚಿವೆ. ಗೋಡೆಯ ಮೂಲೆಗಳಲ್ಲಿ, ಸಜ್ಜದ ಕೆಳಗೆ, ಕಪ್ಪು ಮಚ್ಚೆಗಳು. ಹಳೆಯದು ನೂರು ವರ್ಷ ಮಳೆ ಕಂಡಿದೆ, ಹೊಸದಕ್ಕೆ ಇನ್ನೂ ಹತ್ತು ತುಂಬಿಲ್ಲ. ಆದರೂ ಬೂಷ್ಟಿನ ಕಾಟ ಹೊಸ ಮನೆಗೇ ಹೆಚ್ಚು. ಏಕೆ?

ತೊಟ್ಟಿ ಮನೆಯೊಳಗೆ

ಉತ್ತರ ಹುಡುಕಲು ಹಳೆಯ ಮನೆಯೊಂದನ್ನು ಹೊಕ್ಕು ನೋಡಬೇಕು. ಶಂಕರ್‌ನಾಗ್ ಅವರು 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದ ಆಗುಂಬೆಯ ದೊಡ್ಡಮನೆ ಇದಕ್ಕೆ ಒಳ್ಳೆಯ ಉದಾಹರಣೆ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗಿರುವ ಕುಪ್ಪಳಿಯಲ್ಲಿ ಕುವೆಂಪು ಅವರು ಬಾಲ್ಯ ಕಳೆದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಮೂರು ಅಂತಸ್ತಿನ ಆ ಮನೆಯನ್ನು ಯಾರು ಬೇಕಾದರೂ ನೋಡಬಹುದು.

ಈ ಮನೆಗಳ ನಡುವೆ ಆಕಾಶಕ್ಕೆ ತೆರೆದುಕೊಂಡ ಅಂಗಳವಿದೆ. ಸುತ್ತ ಕಂಬಗಳ ಜಗಲಿ. ಕೋಣೆಗಳ ಬಾಗಿಲುಗಳೆಲ್ಲ ಈ ಜಗಲಿಗೇ ತೆರೆಯುತ್ತವೆ. ಸೂರು ಕೆಳಗಿಳಿದಿರುವುದರಿಂದ ಮಳೆ ಒಳಬರುವುದಿಲ್ಲ, ಗಾಳಿ ಮಾತ್ರ ಬರುತ್ತದೆ. ಮರದ ಸರಳಿನ ಕಿಟಕಿಗೆ ಗಾಜಿಲ್ಲ. ಮೇಲೆ ಅಟ್ಟ, ಅದರ ಮೇಲೆ ಹಂಚು. ಹಂಚುಗಳ ನಡುವೆ ನೂರಾರು ಸಣ್ಣ ಸಂದು. ಮನೆಯ ಒಂದು ಬದಿಯಲ್ಲಿ ಅಡುಗೆಯ ಒಲೆ, ಇನ್ನೊಂದು ಬದಿಯಲ್ಲಿ ಬಚ್ಚಲ ಹಂಡೆಯ ಒಲೆ. ಮಳೆಗಾಲದಲ್ಲಿ ಈ ಎರಡೂ ಪೂರ್ತಿ ಆರುತ್ತಿದ್ದುದು ಅಪರೂಪ.

ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ ಎಂಬುದು ವಿದ್ಯಾರ್ಥಿಗಳು ಓದಿರುವ ಪಾಠ. ಒಲೆಯ ಶಾಖಕ್ಕೆ ಮೇಲೆದ್ದ ಗಾಳಿ ಜನರ ಉಸಿರಿನ ನೀರಾವಿಯನ್ನೂ ಗಂಜಿಯ ಹಬೆಯನ್ನೂ ಹೊತ್ತು ಅಟ್ಟ ಸೇರಿ, ಹಂಚಿನ ಸಂದಿನಿಂದ ಹೊರಹೋಗುತ್ತಿತ್ತು. ಅದರ ಜಾಗಕ್ಕೆ ಅಂಗಳದ ಕಡೆಯಿಂದ, ಕಿಟಕಿಯ ಸರಳುಗಳ ನಡುವಿನಿಂದ, ಹೊಸ ಗಾಳಿ ಬರುತ್ತಿತ್ತು. ಹೀಗೆ ಗಾಳಿಯಾಡುತ್ತಿದ್ದುದು ಯಾವುದೋ ಒಂದು ಕೋಣೆಯಲ್ಲಲ್ಲ, ಇಡೀ ಮನೆಯಲ್ಲಿ. ಅಟ್ಟದ ಮೇಲಿಟ್ಟ ಅಡಿಕೆ, ಕಾಳುಮೆಣಸು, ಬೀಜದ ಭತ್ತ ಬೂಷ್ಟು ಹಿಡಿಯದೆ ಉಳಿಯುತ್ತಿದ್ದುದೂ ಇದೇ ಬಿಸಿಗಾಳಿಯ ಕೃಪೆಯಿಂದ. ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ ಹೆಚ್ಚಾದ ತೇವವನ್ನು ಹೀರಿಕೊಂಡು, ಗಾಳಿ ಒಣಗಿದಾಗ ಮೆಲ್ಲನೆ ಬಿಟ್ಟುಕೊಡುತ್ತಿದ್ದವು.

ಅರ್ಧ ಲೀಟರಿನ ಲೆಕ್ಕ

ಗಾಳಿಯಲ್ಲಿ ಎಷ್ಟು ನೀರಾವಿ ಇರಬಲ್ಲದು ಎಂಬುದಕ್ಕೆ ಮಿತಿಯಿದೆ. ಆ ಮಿತಿ ಉಷ್ಣತೆಯೊಂದಿಗೆ ಏರುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 9.4 ಗ್ರಾಂ, 20 ಡಿಗ್ರಿಯಲ್ಲಿ 17.3 ಗ್ರಾಂ, 30 ಡಿಗ್ರಿಯಲ್ಲಿ 30 ಗ್ರಾಂ ನೀರಾವಿ ಇರಬಹುದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯ ಗಾತ್ರ ಸುಮಾರು 28 ಘನ ಮೀಟರ್. 20 ಡಿಗ್ರಿಯಲ್ಲಿ ಆ ಕೋಣೆಯ ಗಾಳಿಯೆಲ್ಲ ಸೇರಿ ಹೊರಬಲ್ಲ ನೀರು ಬರೀ ಅರ್ಧ ಲೀಟರ್.

ಇನ್ನು ಮನೆಮಂದಿ ಗಾಳಿಗೆ ಸೇರಿಸುವ ನೀರಿನ ಲೆಕ್ಕ. ಮಲಗಿರುವ ಒಬ್ಬರ ಉಸಿರು ಮತ್ತು ಬೆವರಿನಿಂದ ಗಂಟೆಗೆ ಸುಮಾರು 40 ಗ್ರಾಂ ನೀರಾವಿ ಹೊರಬರುತ್ತದೆ. ನಾಲ್ವರು ಎಂಟು ಗಂಟೆ ನಿದ್ದೆ ಮಾಡಿದರೆ ಒಂದು ಲೀಟರಿಗೂ ಮಿಕ್ಕುತ್ತದೆ. ಒಳಗೆ ಹರವಿದ ಒಂದು ಬಕೆಟ್ ಒದ್ದೆ ಬಟ್ಟೆಯಿಂದ ಎರಡು ಮೂರು ಲೀಟರ್. ಅಡುಗೆ ಅನಿಲ ಉರಿದಾಗಲೂ ನೀರು ಹುಟ್ಟುತ್ತದೆ ಎಂಬುದನ್ನು ಹಲವರು ಗಮನಿಸಿರುವುದಿಲ್ಲ. ಒಂದು ಕಿಲೋ ಬ್ಯೂಟೇನ್ ಉರಿದರೆ ಸುಮಾರು ಒಂದೂವರೆ ಕಿಲೋ ನೀರು, 14.2 ಕಿಲೋ ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಆವಿಯಾಗಿ ಮನೆಯ ಗಾಳಿಗೆ ಸೇರಿರುತ್ತದೆ.

ಮುಚ್ಚಿದ ಮನೆಯಲ್ಲಿ ಇಷ್ಟು ನೀರು ಹೋಗುವುದೆಲ್ಲಿಗೆ? ಮನೆಯ ಅತಿ ತಣ್ಣನೆಯ ಜಾಗಕ್ಕೆ. ಮಳೆ ಹೊಡೆಯುವ ಹೊರಗೋಡೆ, ಕಪಾಟಿನ ಹಿಂಬದಿ, ತಾರಸಿಯ ಮೂಲೆ, ಕಿಟಕಿಯ ಗಾಜು. ಗಾಳಿ ಯಾವ ಉಷ್ಣತೆಗೆ ಇಳಿದಾಗ ನೀರು ಹನಿಗಟ್ಟುತ್ತದೆಯೋ ಅದೇ ಇಬ್ಬನಿ ಬಿಂದು. ಬೂಷ್ಟಿಗೆ ಹನಿಯೂ ಬೇಕಿಲ್ಲ. ಗೋಡೆಯ ಮೈಗೆ ತಾಗಿದ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 80ರ ಮೇಲೆ ಕೆಲವು ದಿನ ನಿಂತರೆ ಸಾಕು, ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲ್ಯಾಡೋಸ್ಪೋರಿಯಂ ಮೊದಲಾದ ಶಿಲೀಂಧ್ರಗಳು ಬೇರೂರುತ್ತವೆ. ಅವುಗಳ ಬೀಜಾಣುಗಳು ಗಾಳಿಯಲ್ಲಿ ಸದಾ ಇದ್ದೇ ಇರುತ್ತವೆ.

ಕಿಟಕಿ ತೆರೆದರೆ ಮುಗಿಯಿತೆ?

ಹಾಗಾದರೆ ಕಿಟಕಿ ತೆರೆದಿಟ್ಟರಾಯಿತು ಎನ್ನಬಹುದು. ಚಳಿ ದೇಶಗಳಲ್ಲಿ ಆ ಮಾತು ಸರಿ. ಅಲ್ಲಿ ಹೊರಗಿನ ಗಾಳಿ 5 ಡಿಗ್ರಿಯಲ್ಲಿದ್ದರೆ ಅದರಲ್ಲಿ ಹೆಚ್ಚೆಂದರೆ 6.8 ಗ್ರಾಂ ನೀರಾವಿ. ಅದೇ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬೆಚ್ಚಗಾದಾಗ ಆರ್ದ್ರತೆ ಶೇಕಡಾ 40ಕ್ಕೆ ಇಳಿಯುತ್ತದೆ. ಆದ್ದರಿಂದ ಇಂಗ್ಲೆಂಡಿನ ಹಲವು ಮನೆಗಳಲ್ಲಿ ಅಟ್ಟದಲ್ಲೊಂದು ಸಣ್ಣ ಫ್ಯಾನ್ ಇಟ್ಟು ಹೊರಗಿನ ಗಾಳಿಯನ್ನು ಇಡೀ ಮನೆಗೆ ನಿಧಾನವಾಗಿ ನೂಕುತ್ತಾರೆ. ತೇವದ ಗಾಳಿ ಸಂದುಗೊಂದುಗಳಿಂದ ಹೊರಹೋಗುತ್ತದೆ.

ಆಗುಂಬೆಯ ಜುಲೈ ತಿಂಗಳ ಕಥೆ ಬೇರೆ. ಹೊರಗಿನ ಗಾಳಿಯೇ ನೀರಾವಿಯಿಂದ ತುಂಬಿ ತುಳುಕುತ್ತಿರುತ್ತದೆ. 20 ಡಿಗ್ರಿಯ ತುಂಬಿದ ಗಾಳಿ ಒಳಗೆ ಬಂದು 20 ಡಿಗ್ರಿಯಲ್ಲೇ ಉಳಿದರೆ ಆರ್ದ್ರತೆ ಶೇಕಡಾ 100. ಅದೇ ಗಾಳಿ 25 ಡಿಗ್ರಿಗೆ ಬೆಚ್ಚಗಾದರೆ ಶೇಕಡಾ 75. ಬೂಷ್ಟಿನ ಗಡಿಯಿಂದ ಕೆಳಗೆ ಬಂದಂತಾಯಿತು. ಐದೇ ಡಿಗ್ರಿ! ಹಳೆಯ ಮನೆಯ ಒಲೆಗಳು ಒದಗಿಸುತ್ತಿದ್ದುದು ಇಂಥ ಬೆಚ್ಚನೆಯನ್ನೇ. ಗಾಳಿಗೆ ದಾರಿ, ಜೊತೆಗೆ ಒಂದಿಷ್ಟು ಶಾಖ: ಮಲೆನಾಡಿನ ಮನೆ ಒಣಗಿರಲು ಈ ಎರಡೂ ಬೇಕು. ದಾರಿ ಮಾತ್ರ ಇದ್ದರೆ ತೇವ ಒಳಬರುತ್ತದೆ. ಶಾಖ ಮಾತ್ರ ಇದ್ದರೆ ತೇವ ಒಳಗೇ ಸುತ್ತುತ್ತದೆ.

ಮಳೆ ಹೊಳವಾಗಿ ಬಿಸಿಲು ಬಂದ ಮಧ್ಯಾಹ್ನ ಕೆಲವು ಮನೆಗಳಲ್ಲಿ ನೆಲ ಬೆವರುವುದನ್ನು ಕಾಣಬಹುದು. ಹೊರಗಿನ ಬೆಚ್ಚನೆಯ ತೇವದ ಗಾಳಿ ನುಗ್ಗಿ ತಣ್ಣನೆಯ ಮೊಸಾಯಿಕ್ ನೆಲವನ್ನು ಮುಟ್ಟಿದಾಗ ಹೀಗಾಗುತ್ತದೆ. ಆ ಹೊತ್ತಿನಲ್ಲಿ ಬಾಗಿಲು ಕಿಟಕಿಗಳನ್ನೆಲ್ಲ ಹಾರುಹೊಡೆದಿಟ್ಟರೆ ನೆಲ ಇನ್ನಷ್ಟು ಒದ್ದೆಯಾದೀತು.

ಹೊಗೆ ಹೋಯಿತು, ಶಾಖವೂ ಹೋಯಿತು

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಅದೇ ಒಲೆಯ ಹೊಗೆಯಲ್ಲಿ ಅಜ್ಜಿಯರ, ತಾಯಂದಿರ ಕಣ್ಣು ಉರಿದಿದೆ, ಎದೆ ಕೆಮ್ಮಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಕೊಳವೆಯ ಮೂಲಕ ಹೊಗೆಯನ್ನು ಹೊರಗಟ್ಟುವ ಅಸ್ತ್ರ ಒಲೆಯನ್ನು ರೂಪಿಸಿದ್ದು ಈ ಕಷ್ಟವನ್ನು ಕಂಡೇ. ಆಮೇಲೆ ಅಡುಗೆ ಅನಿಲ ಬಂತು, ಅಡುಗೆಮನೆ ಬೆಳ್ಳಗಾಯಿತು. ಅದು ನಿಜವಾಗಿಯೂ ದೊಡ್ಡ ಉಪಕಾರ.

ಆದರೆ ಹೊಗೆಯ ಜೊತೆಗೆ ಶಾಖವೂ ಮನೆ ಬಿಟ್ಟಿತು. ಹಂಚಿನ ಬದಲು ಬಂದ ಕಾಂಕ್ರೀಟ್ ತಾರಸಿಗೆ ಸಂದುಗಳಿಲ್ಲ. ತೊಟ್ಟಿಯ ಜಾಗದಲ್ಲಿ ಹಾಲ್ ಬಂತು. ಗೋಡೆಗೆ ಬಳಿದ ಪ್ಲಾಸ್ಟಿಕ್ ಬಣ್ಣ ನೀರನ್ನು ಹೀರುವುದಿಲ್ಲ. ಗವಾಕ್ಷಿಗಳನ್ನು ಸೊಳ್ಳೆ ಬರುತ್ತದೆಂದು ಮುಚ್ಚಿದರು. ಉಸಿರಾಡುತ್ತಿದ್ದ ಮನೆ ಹೀಗೆ ಮುಚ್ಚಿದ ಡಬ್ಬಿಯಾಯಿತು.

ಇದು ಗೋಡೆಯ ಅಂದದ ಪ್ರಶ್ನೆ ಮಾತ್ರವಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸ, ಕೆಮ್ಮು, ಶ್ವಾಸದ ಸೋಂಕು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 2020ರ ಡಿಸೆಂಬರ್‌ನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಬೂಷ್ಟು ಹಿಡಿದ ಮನೆಯಲ್ಲಿ ಬಹುಕಾಲ ಇದ್ದುದರಿಂದ ಬಂದ ಉಸಿರಾಟದ ತೊಂದರೆಯೇ ಸಾವಿಗೆ ಕಾರಣವೆಂದು 2022ರಲ್ಲಿ ಅಲ್ಲಿನ ವಿಚಾರಣೆ ತೀರ್ಮಾನಿಸಿತು. ಆ ಬಳಿಕ ಅಲ್ಲಿ ಕಾನೂನೇ ಬದಲಾಯಿತು. ಮಳೆಗಾಲ ಬಂತೆಂದರೆ ಮಗುವಿಗೆ ಕೆಮ್ಮು ಬಿಡುವುದಿಲ್ಲ ಎನ್ನುವ ತಂದೆತಾಯಿಯರು ವೈದ್ಯರಿಗೆ ತೋರಿಸುವುದರ ಜೊತೆಗೆ ಮಗು ಮಲಗುವ ಮಂಚದ ಹಿಂದಿನ ಗೋಡೆಯನ್ನೂ ಒಮ್ಮೆ ನೋಡಬೇಕು.

ಹೊಸ ಮನೆಗೆ ಹಳೆಯ ಪಾಠ

ತಾರಸಿ ಮನೆಯನ್ನು ಕೆಡವಿ ತೊಟ್ಟಿ ಮನೆ ಕಟ್ಟಬೇಕಿಲ್ಲ. ತತ್ತ್ವವನ್ನು ಉಳಿಸಿಕೊಂಡರೆ ಸಾಕು. ಎರಡಂತಸ್ತಿನ ಮನೆಯಲ್ಲಿ ಮೆಟ್ಟಿಲಿನ ಜಾಗವೇ ತೊಟ್ಟಿಯ ಕೆಲಸ ಮಾಡಬಲ್ಲದು. ಅದರ ತುದಿಯಲ್ಲಿ, ತಾರಸಿಗೆ ತೆರೆಯುವ ಕೋಣೆಯ ಮೇಲ್ಭಾಗದಲ್ಲಿ, ಇರಚಲು ಬಾರದಂತೆ ಓರೆಪಟ್ಟಿಗಳ ಕಿಂಡಿ ಇಟ್ಟು ಸೊಳ್ಳೆಯ ಜಾಲರಿ ಹೊಡೆದರೆ ಇಡೀ ಮನೆಯ ಬಿಸಿಗಾಳಿ ಅಲ್ಲಿಂದ ಹೊರಹೋಗುತ್ತದೆ.

ಅಡುಗೆಮನೆ ಮತ್ತು ಬಚ್ಚಲಿನಲ್ಲಿ ಗಾಳಿ ಹೊರಗೆಳೆಯುವ ಫ್ಯಾನ್ ಎತ್ತರದಲ್ಲಿರಬೇಕು. ಸ್ನಾನ ಮುಗಿದ ಮೇಲೂ ಕಾಲು ಗಂಟೆ ತಿರುಗಬೇಕು. ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಸಂದು ಬೇಕು; ಒಳಬರಲು ದಾರಿಯಿಲ್ಲದಿದ್ದರೆ ಫ್ಯಾನ್ ಸದ್ದು ಮಾಡೀತೇ ಹೊರತು ಗಾಳಿ ಎಳೆಯದು. ಒದ್ದೆ ಬಟ್ಟೆಗೆ ಒಂದೇ ಕೋಣೆ ಮೀಸಲಿಟ್ಟು, ಅದರ ಗಾಳಿಯನ್ನು ನೇರ ಹೊರಗೆ ಬಿಡಬೇಕು. ಕಪಾಟು ಹೊರಗೋಡೆಗೆ ಅಂಟಿಕೊಂಡಿರದೆ ನಾಲ್ಕು ಬೆರಳು ದೂರವಿರಲಿ. ಶಾಖಕ್ಕಾಗಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಕುಂಪಟೆ ಇಡುವುದು ಮಾತ್ರ ಸರ್ವಥಾ ಕೂಡದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ ವಿಷ.

ಗೋಡೆ ಒದ್ದೆಯಾಗಲು ಸೋರಿಕೆ ಕಾರಣವೋ ಒಳಗಿನ ನೀರಾವಿ ಕಾರಣವೋ ತಿಳಿಯದೆ ಸಾವಿರಾರು ರೂಪಾಯಿ ಖರ್ಚು ಮಾಡುವವರಿದ್ದಾರೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಮುಚ್ಚುವಂತೆ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಒದ್ದೆಯಾದರೆ ನೀರು ಗೋಡೆಯಿಂದ ಬರುತ್ತಿದೆ, ರಿಪೇರಿ ಬೇಕು. ಮುಂಬದಿಯಲ್ಲಿ ಹನಿ ಕಂಡರೆ ಅದು ಮನೆಯೊಳಗಿನ ಗಾಳಿಯದು.

ಇನ್ನೊಂದು ಪ್ರಯೋಗ. ಸ್ಟೀಲ್ ಲೋಟದಲ್ಲಿ ನೀರು ತೆಗೆದುಕೊಂಡು ಚೂರುಚೂರೇ ಮಂಜುಗಡ್ಡೆ ಹಾಕಿ ಕಲಕುತ್ತ ಬನ್ನಿ. ಲೋಟದ ಹೊರಮೈ ಮಸುಕಾದ ಕ್ಷಣ ನೀರಿನ ಉಷ್ಣತೆ ಎಷ್ಟೆಂದು ಥರ್ಮಾಮೀಟರಿನಲ್ಲಿ ಓದಿ. ಅದೇ ಆ ಕೋಣೆಯ ಇಬ್ಬನಿ ಬಿಂದು. ಅಡುಗೆಮನೆ, ಮಲಗುವ ಕೋಣೆ, ಜಗಲಿ ಮೂರರಲ್ಲೂ ಅಳೆದು ಬರೆದಿಡಿ. ಫ್ಯಾನ್ ಹಾಕಿ, ಕಿಂಡಿ ತೆರೆದು, ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಕೆಳಗಿಳಿದಿದ್ದರೆ ಮನೆ ಉಸಿರಾಡುತ್ತಿದೆ ಎಂದೇ ಅರ್ಥ. ಇಳಿಯದಿದ್ದರೆ ಗೋಡೆಗೆ ಹೊಸ ಬಣ್ಣ ಬಳಿಯುವ ಮುನ್ನ ಗಾಳಿಗೆ ಎಲ್ಲಿ ದಾರಿ ಕಟ್ಟಿದೆ ಎಂದು ಹುಡುಕುವುದು ಒಳ್ಳೆಯದು.