ಊಟದ ನಡುವೆ ಬಂದ ಮೇಳದವರು

ಮುಂಗಾರು ಶುರುವಾದಾಗ ಸೊಸೈಟಿ ಮುಂದೆ ಡಿಎಪಿ ಚೀಲಕ್ಕೆ ಪಾಳಿ ಹಚ್ಚುವ ನಮ್ಮವರಿಗೆ ಮೊರಾಕ್ಕೊ ಅಂದರೆ ಯಾವುದೋ ಗೊತ್ತಿಲ್ಲದ ದೇಶ. ಆದರೆ ಆ ಚೀಲಕ್ಕೂ ಆ ದೇಶಕ್ಕೂ ನಂಟಿದೆ. ಗೊಬ್ಬರಕ್ಕೆ ಬೇಕಾದ ರಂಜಕದ ಕಲ್ಲು, ರಂಜಕದ ಆಮ್ಲ, ಕೆಲವು ಸಲ ತಯಾರಾದ ಡಿಎಪಿಯೇ ಅಲ್ಲಿಂದ ಹಡಗಿನಲ್ಲಿ ಭಾರತಕ್ಕೆ ಬರುತ್ತದೆ. ಆಫ್ರಿಕಾದ ವಾಯವ್ಯ ಮೂಲೆಯಲ್ಲಿರುವ ಈ ದೇಶದಲ್ಲಿ ಸಮುದ್ರ ದಂಡೆಗೆ ಎಲ್ ಜದೀದಾ ಅಂತ ಒಂದು ಊರಿದೆ. ಅದರ ಹತ್ತಿರ ಅಂಥದ್ದೇ ಒಂದು ಕಾರ್ಖಾನೆಯಲ್ಲಿ ನಮ್ಮ ಮಾಮಾ, ಅಂದರೆ ಅಕ್ಕನ ಗಂಡ, ಕೆಲಸ ಮಾಡುತ್ತಾರೆ. ನಾನು ಹೋಗಿದ್ದು ಅಕ್ಕನ ಮನೆಗೆ.

ಎರಡು ವಾರ ಅಕ್ಕನ ಅಡುಗೆ ಮನೆಯಲ್ಲೇ ಕಳೆದ ಮೇಲೆ ಮಾಮಾ ಎಲ್ಲರನ್ನೂ ಕಾರಿನಲ್ಲಿ ಮರಾಕೆಶ್‌ಗೆ ಕರೆದುಕೊಂಡು ಹೋದರು. ಪ್ರವಾಸಿಗರು ಹೆಚ್ಚಾಗಿ ಬರುವ ಹಳೆಯ ಊರು ಅದು. ಅಲ್ಲಿ ರಾತ್ರಿ ಊಟ ಹಾಕಿ, ಊಟದ ಜೊತೆಗೇ ಜನಪದ ಕುಣಿತ, ಕುದುರೆ ಸವಾರಿ ತೋರಿಸುವ ದೊಡ್ಡ ದೊಡ್ಡ ಜಾಗಗಳಿವೆ. ತಲೆಗೆ 450 ದಿರ್ಹಮ್. ಆಗ ಒಂದು ದಿರ್ಹಮ್ ಅಂದರೆ ಹೆಚ್ಚುಕಡಿಮೆ ನಮ್ಮ ಒಂಬತ್ತು ರೂಪಾಯಿ ಇತ್ತು. ಅಂದರೆ ಒಂದು ಊಟಕ್ಕೆ ನಾಲ್ಕು ಸಾವಿರ!

"ಅದೆಲ್ಲಾ ಫಾರಿನರ್ಸ್‌ಗೆ ಅಂತ ಮಾಡಿದ್ದು, ಅಸಲಿ ಅಲ್ಲ, ದುಡ್ಡು ಹಾಳು" ಅಂತ ನಮ್ಮ ಬ್ಯಾಚಿನ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಬರೆದ. ಅದನ್ನು ಓದಿದ ಮೇಲೆ ನನಗೆ ಹೋಗಲೇಬೇಕು ಅನ್ನಿಸಿತು. ಯಾಕೆಂದರೆ ನಮ್ಮಪ್ಪ ಡೊಳ್ಳಿನ ಮೇಳದವರು. ಬೀರಪ್ಪನ ಜಾತ್ರೆಯಲ್ಲಿ ರಾತ್ರಿಯಿಡೀ ಬಾರಿಸುವ ಅದೇ ಹದಿನಾಲ್ಕು ಜನ, ಮದುವೆ ಸೀಸನ್ನಿನಲ್ಲಿ ರೆಸಾರ್ಟಿನ ಗೇಟಿನಲ್ಲಿ ನಿಂತು ಏಳು ನಿಮಿಷ ಬಾರಿಸಿ ಬರುತ್ತಾರೆ. ಆ ಏಳು ನಿಮಿಷ ನಕಲಿ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಹಾಗಂತ ಅದು ಜಾತ್ರೆಯ ಡೊಳ್ಳು ಅಂತಲೂ ಹೇಳಲಾರೆ.

ಊರ ಹೊರಗೆ, ಖರ್ಜೂರದ ತೋಪಿನ ಕಡೆ ಇತ್ತು ಆ ಜಾಗ. ಕೋಟೆಯಂಥ ಬಾಗಿಲು. ಒಳಗೆ ಕಾಲಿಟ್ಟರೆ ಎಡಬಲಕ್ಕೆ ಮೇಳಗಳು ಸಾಲಾಗಿ ನಿಂತು, ಬಸ್ಸಿನಿಂದ ಇಳಿದವರು ದಾಟಿ ಹೋಗುವವರೆಗೆ ಬಾರಿಸುತ್ತಿದ್ದರು. ಜನ ಫೋನು ಎತ್ತಿ ಹಿಡಿದು ನಡೆಯುತ್ತಲೇ ವಿಡಿಯೊ ಮಾಡಿಕೊಂಡರು. ಅಕ್ಕ ನನ್ನ ಕೈ ಚಿವುಟಿ, "ಅಪ್ಪನ ನೆನಪಾತಲ್ಲ?" ಅಂದಳು.

ಮಧ್ಯದಲ್ಲಿ ಮರಳಿನ ದೊಡ್ಡ ಅಂಗಳ, ಸುತ್ತ ಬಿಳಿ ಬಟ್ಟೆಯ ಗುಡಾರಗಳು. ಗುಡಾರದಲ್ಲಿ ದುಂಡು ಮೇಜು, ಒಂದೊಂದಕ್ಕೆ ಎಂಟು ಹತ್ತು ಜನ. ಮೊದಲು ಹರೀರಾ ಬಂತು. ಟೊಮ್ಯಾಟೊ, ಮಸೂರ ಬೇಳೆ, ಕಾಬೂಲಿ ಕಡಲೆ ಹಾಕಿ ಕುದಿಸಿದ ಗಟ್ಟಿ ಸಾರು. ರಮ್ಜಾನಿನಲ್ಲಿ ಉಪವಾಸ ಬಿಡುವಾಗ ಇದು ಅಲ್ಲಿ ಬಹುತೇಕ ಎಲ್ಲರ ಮನೆಯಲ್ಲೂ ಇರುತ್ತದೆ. ಆಮೇಲೆ ಕುರಿ. ಅರ್ಧ ಕುರಿಯನ್ನು ಹಾಗೇ ಸುಟ್ಟು ತಾಟಿನಲ್ಲಿಟ್ಟು ತಂದರು, ಪಕ್ಕದಲ್ಲಿ ಉಪ್ಪು ಮತ್ತು ಜೀರಿಗೆ ಪುಡಿ, ಅಷ್ಟೇ. ಮೆಶ್ವಿ ಅನ್ನುತ್ತಾರೆ. ಮಸಾಲೆ ಇಲ್ಲದೆ ಕುರಿ ಹೇಗೆ ತಿನ್ನೋದು ಅಂತ ಅಂದುಕೊಂಡಿದ್ದೆ. ಕುರಿ ಕಾಯುವ ಮನೆತನದವಳಾಗಿ ಹೇಳುತ್ತೇನೆ, ಒಳ್ಳೆಯ ಕುರಿಗೆ ಜೀರಿಗೆ ಉಪ್ಪು ಸಾಕು. ಬಲಗೈಯಲ್ಲಿ ಕಿತ್ತು ತಿನ್ನಬೇಕು. ನಮ್ಮ ಮೇಜಿನಲ್ಲಿದ್ದ ಯುರೋಪಿನ ಜೋಡಿ ಚಾಕು ಫೋರ್ಕಿನಲ್ಲಿ ಪರದಾಡುತ್ತಿತ್ತು. ಅಕ್ಕ ಅವರ ಪಾಲನ್ನೂ ಕಿತ್ತು ತಟ್ಟೆಗೆ ಹಾಕಿಕೊಟ್ಟಳು.

ಕೊನೆಗೆ ಕುಸ್ಕುಸ್. ಗೋಧಿ ರವೆಗೆ ನೀರು, ಹಿಟ್ಟು ಚಿಮುಕಿಸಿ ಅಂಗೈಯಲ್ಲಿ ಹೊರಳಿಸಿ ಹೊರಳಿಸಿ ಸಣ್ಣ ಕಾಳು ಮಾಡಿ, ಹಬೆಯಲ್ಲಿ ಬೇಯಿಸುತ್ತಾರೆ. ಮೇಲೆ ಕುಂಬಳ, ಗಜ್ಜರಿ, ಟರ್ನಿಪ್ ಗಡ್ಡೆ, ಕೋಸು. ನಮ್ಮ ಉಪ್ಪಿಟ್ಟು ಕೈ ತಪ್ಪಿದರೆ ಮುದ್ದೆಯಾಗುತ್ತದೆ, ಇದು ಕಾಳು ಕಾಳಾಗಿ ನಿಲ್ಲುತ್ತದೆ. ಮನೆಗಳಲ್ಲಿ ಶುಕ್ರವಾರ ಮಧ್ಯಾಹ್ನ ನಮಾಜಿನ ನಂತರ ಎಲ್ಲರೂ ಒಂದೇ ದೊಡ್ಡ ತಾಟಿನ ಸುತ್ತ ಕೂತು, ಅವರವರ ಮುಂದಿನ ಭಾಗ ಅವರವರು ಉಣ್ಣುವ ಊಟ ಇದು. 2020ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಮೊರಾಕ್ಕೊ, ಅಲ್ಜೀರಿಯಾ, ಟುನೀಸಿಯಾ, ಮಾರಿಟೇನಿಯಾ ನಾಲ್ಕೂ ದೇಶಗಳು ಸೇರಿ ಅರ್ಜಿ ಹಾಕಿದ್ದವು. ಮೊರಾಕ್ಕೊ, ಅಲ್ಜೀರಿಯಾ ಎಷ್ಟು ಜಗಳವಾಡುತ್ತವೆ ಅಂತ ಮಾಮಾ ಹೇಳಿದ ಮೇಲೆ ನನಗೆ ಇದು ದೊಡ್ಡ ಸಂಗತಿ ಅನ್ನಿಸಿತು. ನಮ್ಮ ಮೇಜಿಗೆ ಬಂದ ದಿನ ಮಂಗಳವಾರ, ಸಮಯ ರಾತ್ರಿ ಹತ್ತು. ಇರಲಿ.

ಪ್ರತಿ ಐಟಮ್ಮಿನ ನಡುವೆ ಒಂದೊಂದು ಮೇಳ ಗುಡಾರದೊಳಗೆ ಬಂದು, ಮೂರು ನಾಲ್ಕು ನಿಮಿಷ ಹಾಡಿ ಕುಣಿದು, ಮುಂದಿನ ಗುಡಾರಕ್ಕೆ ಹೋಗುತ್ತಿತ್ತು. ಸಾರು ಮುಗಿದಾಗ ಗ್ನಾವಾದವರು ಬಂದರು. ಕವಡೆ ಹೊಲಿದ ಟೋಪಿ, ಅದರ ತುದಿಯ ಗೊಂಡೆ ತಲೆಯ ಸುತ್ತ ಗಿರಗಿರ. ಕೈಯಲ್ಲಿ ಕಬ್ಬಿಣದ ಜೋಡಿ ತಾಳ. ಸಹಾರಾ ಮರುಭೂಮಿಯ ಆಚೆಯಿಂದ ಗುಲಾಮರಾಗಿ ತಂದವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಹಾಡು ಅದು. ಆ ತಾಳದ ಸದ್ದು ಕಾಲಿನ ಸರಪಳಿಯ ಸದ್ದು ಅಂತ ಹೇಳುವವರಿದ್ದಾರೆ. ರೋಗಿಗಳ ಮನೆಯಲ್ಲಿ ರಾತ್ರಿಯಿಂದ ಬೆಳಗಿನವರೆಗೆ, ಬಣ್ಣ ಬಣ್ಣದ ಬಟ್ಟೆ ಹೊದಿಸಿ, ದೇವರು ಮೈಮೇಲೆ ಬರುವಂತೆ ನಡೆಸುವ ಪೂಜೆ ಅದರ ಮೂಲ. ನಮ್ಮ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳೂ ಹೀಗೇ ಆಫ್ರಿಕಾದಿಂದ ಬಂದವರ ಪೀಳಿಗೆ. ಅವರ ಡಮಾಮಿ ಕುಣಿತ ನೋಡಿದವರಿಗೆ ಆ ಟೋಪಿಯ ಗೊಂಡೆ ತಿರುಗುವಾಗ ಏನೋ ಗುರುತು ಸಿಕ್ಕಂತೆ ಆಗುತ್ತದೆ. ಗುಡಾರದಲ್ಲಿ ಇದನ್ನೆಲ್ಲ ಹೇಳುವವರು ಯಾರೂ ಇರಲಿಲ್ಲ. ಮೈಕಿನಲ್ಲಿ ಫ್ರೆಂಚು, ಇಂಗ್ಲಿಷಿನಲ್ಲಿ "ಈಗ ಬರ್ಬರ್ ಸಂಗೀತ, ಈಗ ಆಫ್ರಿಕನ್ ಸಂಗೀತ" ಅಂತ ಎರಡು ಮಾತು, ಅಷ್ಟೇ.

ಬರ್ಬರ್ ಅನ್ನುವುದು ಹೊರಗಿನವರು ಇಟ್ಟ ಹೆಸರು. ಆ ಜನ ತಮ್ಮನ್ನು ಅಮಾಜಿಗ್ ಅಂದುಕೊಳ್ಳುತ್ತಾರೆ. ಅರಬ್ಬರು ಬರುವ ಮೊದಲೇ ಅಲ್ಲಿದ್ದವರು ಅವರು. 2011ರ ಸಂವಿಧಾನದಲ್ಲಿ ಅರಬ್ಬಿಯ ಜೊತೆ ಅವರ ಭಾಷೆಯೂ ಅಧಿಕೃತ ಭಾಷೆಯಾಯಿತು. ಸರ್ಕಾರಿ ಬೋರ್ಡುಗಳ ಮೇಲೆ ಅವರ ಲಿಪಿ ಕಾಣುತ್ತದೆ, ವೃತ್ತ, ಗೆರೆ, ಚುಕ್ಕೆಗಳ ಚೆಂದದ ಲಿಪಿ. ಆದರೆ ಊಟದ ಮೈಕಿಗೆ ಅದು ಇನ್ನೂ ತಲುಪಿಲ್ಲ.

ಅಕ್ಕನ ಮಗನಿಗೆ ಶೌಚಕ್ಕೆ ಅವಸರವಾಯಿತು. ಅವನ ಜೊತೆ ನಾನು ಹೋದೆ. ದಾರಿ ಅಡುಗೆ ಮನೆಯ ಹಿಂದಿನಿಂದ ಹೋಗುತ್ತಿತ್ತು. ಅಲ್ಲಿ ಕುರಿ ಸುಟ್ಟ ಕೆಂಡ ಇನ್ನೂ ಕೆಂಪಗಿತ್ತು. ಸುತ್ತ ಐದಾರು ಜನ ಬಿಳಿ ಜುಬ್ಬಾದವರು ಕುಕ್ಕರಗಾಲಲ್ಲಿ ಕೂತು, ಬೆಂದೀರ್ ಅನ್ನುವ ತಮ್ಮ ದುಂಡು ವಾದ್ಯವನ್ನು ಕೆಂಡಕ್ಕೆ ಹಿಡಿದು ತಿರುಗಿಸುತ್ತಿದ್ದರು. ಹೋಳಿ ಹುಣ್ಣಿಮೆಯಲ್ಲಿ ನಮ್ಮ ಹುಡುಗರು ಹಲಗೆ ಕಾಯಿಸುತ್ತಾರಲ್ಲ, ಹಾಗೇ. ಒಬ್ಬರು ಬೆರಳಲ್ಲಿ ಟಣ್ ಅನ್ನಿಸಿ ಕಿವಿಗೊಟ್ಟು, ಸಾಲದು ಅಂತ ಮತ್ತೆ ಕೆಂಡಕ್ಕೆ ಹಿಡಿದರು.

ಪಕ್ಕದಲ್ಲಿ ನೆಲದ ಮೇಲೆ ಒಂದು ಬೋಗುಣಿ. ಮಸೂರ ಬೇಳೆ, ರೊಟ್ಟಿ. ನಾನು ನಿಂತು ನೋಡುತ್ತಿದ್ದದ್ದು ಕಂಡು ಅವರಲ್ಲಿ ವಯಸ್ಸಾದವರು ರೊಟ್ಟಿ ಮುರಿದು ಕೈ ಚಾಚಿ, "ಬಿಸ್ಮಿಲ್ಲಾ" ಅಂದರು. ಬನ್ನಿ, ಉಣ್ಣಿ ಅಂತ ಕರೆಯಲು ಅವರು ಹೇಳುವ ಮಾತು ಅದು. ಹೊಟ್ಟೆಯಲ್ಲಿ ಕುರಿ ತುಂಬಿದ್ದರೂ ಒಂದು ತುತ್ತು ತಿಂದೆ. ಬೆಳ್ಳುಳ್ಳಿ ಹಾಕಿದ ಬೇಳೆ. ಒಳಗಿನ ಹರೀರಾಕ್ಕಿಂತ ಅದೇ ಬಾಯಿಗೆ ಹಿಡಿಸಿತು, ಸುಳ್ಳಲ್ಲ.

ಹತ್ತು ವರ್ಷದ ನಮ್ಮ ಹುಡುಗ ಓಣಿಯ ಮಕ್ಕಳ ಜೊತೆ ಆಡಿ ಅಲ್ಲಿಯ ಅರಬ್ಬಿ ಚೆನ್ನಾಗಿ ಕಲಿತಿದ್ದಾನೆ. ಅವರನ್ನು "ಅಮ್ಮಿ" ಅಂತ ಕರೆದ. ಅಂದರೆ ಕಾಕಾ. ಅವನೇ ನನಗೆ ದುಭಾಷಿ.

"ಚಿಗವ್ವಾ, ಏನ್ ಕೇಳ್ಬೇಕು ಲಗೂನ ಕೇಳು. ಇವರ ಪಾಳಿ ಬರ್ತದಂತ."

ನಮ್ಮಪ್ಪನೂ ಬಾರಿಸುತ್ತಾರೆ ಅಂತ ಹೇಳಿಸಿದೆ. ಫೋನಿನಲ್ಲಿ ಡೊಳ್ಳಿನ ವಿಡಿಯೊ ತೋರಿಸಿದೆ. ಐದೂ ಜನ ತಲೆ ಕೂಡಿಸಿ ನೋಡಿದರು. ಇಷ್ಟು ದೊಡ್ಡದನ್ನು ಹೊತ್ತು ಹಾರುತ್ತಾರಲ್ಲ, ತೂಕ ಎಷ್ಟು, ಯಾವ ಪ್ರಾಣಿಯ ಚರ್ಮ ಅಂತ ಕೇಳಿದರು. ಅವರದು ಆಡಿನ ಚರ್ಮ. ಒಳಗೆ ಎರಡು ತಂತಿ ಬಿಗಿದಿರುತ್ತಾರೆ, ಬಾರಿಸಿದಾಗ ಜುಂಯ್ ಅನ್ನುತ್ತದೆ. ಈಗ ಪ್ಲಾಸ್ಟಿಕ್ ಹಾಳೆಯದೂ ಬಂದಿದೆ, ಅದನ್ನು ಕಾಯಿಸುವ ಗೋಜಿಲ್ಲ, ಆದರೆ ಅದಕ್ಕೆ ಜೀವ ಇಲ್ಲ ಅಂದರು. ಅಪ್ಪನೂ ಫೈಬರ್ ಡೊಳ್ಳಿನ ಬಗ್ಗೆ ಇದೇ ಮಾತು ಹೇಳುತ್ತಾರೆ.

ಅವರ ಊರು ಮರಾಕೆಶ್‌ನ ದಕ್ಷಿಣಕ್ಕೆ ಅಟ್ಲಾಸ್ ಬೆಟ್ಟದ ಮೇಲೆ. ಅಲ್ಲಿ ಮದುವೆಗೆ, ಸುಗ್ಗಿಗೆ ಅಹ್ವಾಶ್ ಕುಣಿತ. ಬೆಂಕಿ ಹಾಕಿ, ನಡುವೆ ಬಾರಿಸುವವರು, ಸುತ್ತ ಹೆಂಗಸರು ಹೆಗಲಿಗೆ ಹೆಗಲು ಹಚ್ಚಿ ಸಾಲಾಗಿ. ಒಬ್ಬರು ನಿಂತಲ್ಲೇ ಪದ ಕಟ್ಟಿ ಹಾಡಿದರೆ ಇನ್ನೊಬ್ಬರು ಪದದಲ್ಲೇ ಉತ್ತರ ಕೊಡಬೇಕು. ಬೆಳಗಾಗುವವರೆಗೂ ನಡೆಯುತ್ತದೆ. ಇಲ್ಲಿ ಪದ ಹಾಡುವುದಿಲ್ಲವೇ ಅಂತ ಕೇಳಿದೆ.

"ಯಾರಿಗೆ ಹಾಡೋದು?" ಅಂದರು. ಆಮೇಲೆ ನಕ್ಕು, ಒಮ್ಮೊಮ್ಮೆ ಹಾಡುತ್ತೇವೆ ಅಂದರು. ಮೇಜಿನಲ್ಲಿ ಕೂತವರ ಮೇಲೆಯೇ ಪದ. ಕೆಂಪು ಮೂಗಿನವನು ಮಾಂಸ ಬಿಟ್ಟು ಬ್ರೆಡ್ ತಿಂತಾನೆ, ಅವನ ಹೆಂಡತಿ ಫೋನಿಗೇ ಊಟ ಮಾಡಿಸ್ತಾಳೆ, ಅಂತ. ಅವರ ಭಾಷೆ ತಶಲ್ಹಿತ್ ಯಾರಿಗೂ ಬರುವುದಿಲ್ಲ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಮೇಳದವರೂ ದೊಡ್ಡ ಮನುಷ್ಯರು ಭಾಷಣ ಉದ್ದ ಮಾಡಿದಾಗ ಪದದಲ್ಲಿ ಸೇರಿಸಿ ಬೈಯುವುದುಂಟು.

ರೊಕ್ಕ ಎಷ್ಟು ಕೊಡುತ್ತಾರೆ ಅಂತ ಹುಡುಗನ ಕೈಯಲ್ಲಿ ಕೇಳಿಸಿದೆ. "ನಿಮ್ಮ ಒಂದು ಟಿಕೆಟ್ಟಿಗಿಂತ ಕಡಿಮೆ" ಅಂದರು, ಬೇಸರವಿಲ್ಲದೆ. 2023ರ ಸೆಪ್ಟೆಂಬರ್ 8ರ ರಾತ್ರಿ ಆ ಬೆಟ್ಟಗಳಲ್ಲಿ 6.8 ಪ್ರಮಾಣದ ಭೂಕಂಪವಾಗಿ 2,900ಕ್ಕೂ ಹೆಚ್ಚು ಜನ ಸತ್ತರು. ಮಣ್ಣು ಕಲ್ಲಿನ ಮನೆಗಳ ಊರುಗಳೇ ನೆಲಸಮವಾದವು. ಇವರ ಮನೆಯೂ ಬಿತ್ತು. ಮನೆಯವರು ಉಳಿದರು. ಈಗ ವಾರಕ್ಕೆ ಆರು ರಾತ್ರಿ ಇಲ್ಲಿ ಬಾರಿಸಿ, ಬಂದ ದುಡ್ಡಲ್ಲಿ ಒಂದೊಂದೇ ಗೋಡೆ ಏಳಿಸುತ್ತಿದ್ದಾರೆ. ಭೂಕಂಪದ ನಂತರ ಊರಿನಲ್ಲಿ ಅಹ್ವಾಶ್ ನಡೆದಿದೆಯಾ ಅಂತ ಕೇಳಿದೆ. ಒಂದು ಮದುವೆಯಲ್ಲಿ ನಡೆಯಿತು, ಅರ್ಧ ರಾತ್ರಿಗೇ ನಿಲ್ಲಿಸಿದೆವು, ಹೆಂಗಸರ ಸಾಲಿನಲ್ಲಿ ಜಾಗ ಖಾಲಿ ಇದ್ದವು ಅಂದರು.

ಅಷ್ಟರಲ್ಲಿ ಯಾರೋ ಶಿಳ್ಳೆ ಹಾಕಿದರು. ಬೋಗುಣಿಗೆ ತಟ್ಟೆ ಮುಚ್ಚಿ ಎಲ್ಲರೂ ಎದ್ದರು.

ನಾವು ಗುಡಾರಕ್ಕೆ ಮರಳುವುದರೊಳಗೆ ಅವರು ನಮ್ಮ ಮೇಜಿನ ಮುಂದೆ ಇದ್ದರು. ಕಾಕಾ ಮುಖದಲ್ಲಿ ನನ್ನ ಗುರುತೇ ಇಲ್ಲದಂತೆ ಬಾರಿಸಿದರು. ಕೊನೆಗೆ ಮಾತ್ರ ಏನೋ ಒಂದು ಸಾಲು ಹಾಡಿ, ಉಳಿದವರೆಲ್ಲ ನಕ್ಕು ಅದನ್ನೇ ಎತ್ತಿ ಹಾಡಿದರು. ಆ ಸಾಲು ನಮ್ಮ ಮೇಲೆಯೇ ಇರಬೇಕು. ಏನು ಅಂತ ಹುಡುಗನಿಗೂ ತಿಳಿಯಲಿಲ್ಲ.

ಊಟದ ನಂತರ ಅಂಗಳದಲ್ಲಿ ಕುದುರೆಗಳು. ತ್ಬೂರಿದಾ ಅಂತ ಹೆಸರು, ಮದ್ದಿನ ಆಟ. ಜಾತ್ರೆಗಳಲ್ಲಿ ಹದಿನೈದರಿಂದ ಇಪ್ಪತ್ತೈದು ಸವಾರರು ಒಂದೇ ಸಾಲಿನಲ್ಲಿ ನಿಂತು, ಒಟ್ಟಿಗೇ ಕುದುರೆ ಓಡಿಸಿ, ಕೊನೆಯಲ್ಲಿ ಎಲ್ಲರೂ ಉದ್ದ ಕೋವಿ ಎತ್ತಿ ಒಂದೇ ಕ್ಷಣಕ್ಕೆ ಹೊಡೆಯಬೇಕು. ಗುಂಡಿಲ್ಲ, ಬರೀ ಮದ್ದು. ಇಪ್ಪತ್ತು ಕೋವಿಯ ಸದ್ದು ಒಂದೇ ಸದ್ದಾಗಿ ಕೇಳಬೇಕು. ಪಟಪಟ ಅಂತ ಒಡೆದು ಕೇಳಿದರೆ ಅಲ್ಲಿಯ ಜನ ಒಪ್ಪುವುದಿಲ್ಲ. 2021ರಲ್ಲಿ ಇದೂ ಯುನೆಸ್ಕೊ ಪಟ್ಟಿಗೆ ಸೇರಿದೆ. ಎಲ್ ಜದೀದಾದ ಕುದುರೆ ಮೇಳದಲ್ಲಿ ಇದನ್ನು ನೋಡಿದ್ದ ಮಾಮಾ ಸದ್ದು ಕೇಳುತ್ತಲೇ "ಒಡೀತು" ಅಂದರು. ಹತ್ತೇ ಕುದುರೆ, ಆದರೂ ಎರಡು ಕೋವಿ ಹಿಂದೆ ಬಿದ್ದಿದ್ದವು. ಗುಡಾರಗಳಲ್ಲಿ ಮಾತ್ರ ಭಾರೀ ಚಪ್ಪಾಳೆ. ಎರಡನೇ ಸಲ ಹೊಡೆದದ್ದು ಒಂದೇ ಸದ್ದಾಯಿತು, ಎದೆಗೆ ಬಡಿಯಿತು. ಚಪ್ಪಾಳೆ ಅಷ್ಟೇ ಇತ್ತು, ಹೆಚ್ಚಲಿಲ್ಲ. ಆದರೆ ಸವಾರರು ಒಬ್ಬರಿಗೊಬ್ಬರು ನೋಡಿ ತಲೆಯಾಡಿಸಿಕೊಂಡರು. ಆ ಎರಡನೇ ಹೊಡೆತ ಅವರು ನಮಗಾಗಿ ಹೊಡೆದದ್ದಲ್ಲ.

ಆಮೇಲೆ ಹೊಟ್ಟೆ ಕುಣಿಸುವ ಡ್ಯಾನ್ಸ್ ಬಂತು. ಅದು ಈಜಿಪ್ಟಿನ ಕಡೆಯದು, ಮೊರಾಕ್ಕೊ ಹಳ್ಳಿಗಳದ್ದಲ್ಲ. ಪ್ರವಾಸಿಗರು ಕೇಳುತ್ತಾರೆ, ಇಟ್ಟಿದ್ದಾರೆ. ನಮ್ಮ ಗೆಳೆಯ ಅಸಲಿ ಅಲ್ಲ ಅಂದಿದ್ದು ಇದೊಂದರ ಮಟ್ಟಿಗೆ ನಿಜ. ಉಳಿದದ್ದಕ್ಕೆ ಆ ಮಾತು ಒಪ್ಪುವುದಿಲ್ಲ. ಅಲ್ಲಿ ಕೆಟ್ಟದ್ದು ಅನ್ನಿಸಿದ್ದು ಕುಣಿತ ಚಿಕ್ಕದಾಗಿದ್ದಲ್ಲ. ಯಾವ ಮೇಳ, ಯಾವ ಊರು, ಯಾವ ಭಾಷೆ ಅಂತ ಒಂದು ಸಾಲು ಹೇಳದೇ ಇದ್ದದ್ದು. ಮೈಕು ಇತ್ತು, ಸಮಯವೂ ಇತ್ತು.

ಪುದೀನಾ ಚಹಾ ಕುಡಿದು ಹೊರಟಾಗ ರಾತ್ರಿ ಹನ್ನೊಂದೂವರೆ. ಚೀನಾದಿಂದ ಬರುವ ಹಸಿರು ಚಹಾ ಪುಡಿಗೆ ಹಸಿ ಪುದೀನಾ, ಕೈ ತುಂಬ ಸಕ್ಕರೆ. ಮೊಳದೆತ್ತರದಿಂದ ಲೋಟಕ್ಕೆ ಸುರಿದು ನೊರೆ ಬರಿಸುತ್ತಾರೆ. ನಮ್ಮೂರಲ್ಲಿ ಆಗ ನಸುಕಿನ ನಾಲ್ಕು ಗಂಟೆ. ಬೆಂದೀರ್ ರೆಕಾರ್ಡಿಂಗನ್ನು ಅಪ್ಪನಿಗೆ ಕಳಿಸಿ ಮಲಗಿದೆ.

ಬೆಳಿಗ್ಗೆ ಅಪ್ಪನ ಫೋನು. ಕುರಿ ಹೊಡೆದುಕೊಂಡು ಹೊಲದಲ್ಲಿದ್ದರು, ಗಾಳಿಯ ಸದ್ದು ಕೇಳುತ್ತಿತ್ತು. ಚರ್ಮ ಚೆನ್ನಾಗಿ ಕಾದದ, ಕೈ ಪಳಗಿದ ಕೈ ಅಂದರು. ಆಮೇಲೆ ಕೇಳಿದರು: "ಅವರಿಗೆ ಊಟ ಬಾರಸೂಕಿಂತ ಮೊದಲ ಹಾಕ್ತಾರೋ, ಎಲ್ಲಾರದೂ ಮುಗಿದ ಮ್ಯಾಲೋ?"

ಎರಡು ವರ್ಷದ ಹಿಂದೆ ಒಂದು ರೆಸಾರ್ಟಿನ ಮದುವೆಯಲ್ಲಿ ಅಪ್ಪನ ಮೇಳಕ್ಕೆ ರಾತ್ರಿ ಹನ್ನೆರಡಕ್ಕೆ, ಉಳಿದ ಅನ್ನವನ್ನು ಪಾರ್ಕಿಂಗಿನಲ್ಲಿ ಕೊಟ್ಟಿದ್ದರು.

"ಮೊದಲ ಉಣ್ಣಾಕತ್ತಿದ್ರಪ್ಪಾ. ಬ್ಯಾಳಿ, ರೊಟ್ಟಿ. ನಂಗೂ ಕೊಟ್ರು" ಅಂದೆ.

"ಬಿಸಿ ಇತ್ತೇನು?"

"ಇತ್ತು. ಆದ್ರ ಪೂರಾ ಉಣ್ಣಾಕ ಬಿಡಲಿಲ್ಲ, ನಡುವ ಸೀಟಿ ಹಾಕಿದ್ರು."

ಅಪ್ಪ ಹೂಂ ಅಂದು, ಒಂದು ಕುರಿ ಬದುವಿನ ಆಚೆ ಹೋಯಿತು, ಆಮೇಲೆ ಮಾಡ್ತೀನಿ ಅಂತ ಫೋನಿಟ್ಟರು.